ಖಾಲಿ ಫ್ಲ್ಯಾಟಿನ ಗುರುವಾರ

ಸತ್ತ ಗಂಡ ಬಂದು ಸುಳಿದಾಡುವುದೇ ಆದರೆ ಹೆಂಡತಿ ಇರುವ ಮನೆಯಲ್ಲಿ ಸುಳಿದಾಡಬೇಕು. ಇದು ನನ್ನ ವಾದ. ನಮ್ಮವರು ಹಾಗೆ ಮಾಡಲಿಲ್ಲ. ಆಸ್ಪತ್ರೆಯಿಂದ ಅವರನ್ನು ತಂದು ಮಲಗಿಸಿದ್ದು ನಮ್ಮ ಮನೆಯಲ್ಲಿ, ಅತ್ತು ಕಣ್ಣು ಬತ್ತಿಸಿಕೊಂಡವಳು ನಾನು. ಆ ಮನುಷ್ಯ ಹೋಗಿ ಸೇರಿಕೊಂಡದ್ದು ಮಾತ್ರ ತಮ್ಮ ಇನ್ವೆಸ್ಟ್‌ಮೆಂಟ್ ಫ್ಲ್ಯಾಟಿನಲ್ಲಿ!

ಆರನೇ ಮಹಡಿಯ ಎರಡು ಕೋಣೆಯ ಮನೆ ಅದು. ರೇಟು ಏರಲಿ ಎಂದು ಕೊಂಡು ಖಾಲಿ ಇಟ್ಟಿದ್ದರು. ಬಾಡಿಗೆಗೂ ಕೊಡಲಿಲ್ಲ. "ಬಾಡಿಗೆಯವರು ಗೋಡೆಗೆಲ್ಲ ಮೊಳೆ ಹೊಡೀತಾರೆ ಕಣೇ," ಎನ್ನುತ್ತಿದ್ದರು, ಮೊಳೆಯನ್ನು ತಮ್ಮ ಬೆನ್ನಿಗೇ ಹೊಡೆಸಿಕೊಂಡವರಂತೆ ಮುಖ ಮಾಡಿ. ಮುಚ್ಚಿಟ್ಟ ಮನೆ ಹಾಳಾಗುತ್ತದಲ್ಲ, ಅದಕ್ಕೆ ಗುರುವಾರ ಗುರುವಾರ ಇಬ್ಬರೂ ಹೋಗುತ್ತಿದ್ದೆವು. ಅವರು ಒಂದೊಂದೇ ನಲ್ಲಿ ತಿರುಗಿಸಿ ತುಕ್ಕುನೀರು ಹೋಗುವವರೆಗೆ ನೀರು ಬಿಡುವರು, ನಾನು ಕಸ ಗುಡಿಸುವೆ. ಆಮೇಲೆ ಕಿಟಕಿಯ ಕಟ್ಟೆಯ ಮೇಲೆ ಕೂತು ಫ್ಲಾಸ್ಕಿನ ಚಹಾ ಕುಡಿದು ಬರುವುದು. ನಮ್ಮ ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳು, ಟಿವಿ. ಗಂಡನಿಗೆ ಏನು ಹೇಳಬೇಕಾದರೂ ಕೂಗಿಯೇ ಹೇಳಬೇಕು. ಅಲ್ಲಿ ಕೂಗಬೇಕಾಗಿರಲಿಲ್ಲ. ಆದರೂ ಅವರು ಆಡುತ್ತಿದ್ದುದು ರೇಟಿನ ಮಾತೇ.

ಅವರು ಹೋದ ಮೇಲೆ ನಾನೊಬ್ಬಳೇ ಹೋದೆ. ಬೀಗ ತೆಗೆದು ಅಡುಗೆಮನೆಯ ನಲ್ಲಿ ತಿರುಗಿಸಿದರೆ ತಿಳಿನೀರು ಬಂತು. ಅಷ್ಟು ದಿನ ಯಾರೂ ಮುಟ್ಟದ ನಲ್ಲಿಯಲ್ಲಿ! ಬಚ್ಚಲಿಗೆ ಓಡಿದೆ. ನೆಲ ಒದ್ದೆ. ಕಿಟಕಿ ಅರ್ಧ ತೆರೆದಿತ್ತು. ಬಿಸಿಲೇ ಬೀಳದ ಆ ಕಟ್ಟೆ, ಯಾರೋ ಈಗಷ್ಟೇ ಎದ್ದು ಹೋದಂತೆ ಬೆಚ್ಚಗಿತ್ತು. ಬೀಗದ ಕೈ ಇದ್ದದ್ದು ಒಂದೇ, ಅದೂ ನನ್ನ ಚೀಲದಲ್ಲಿ. ಹೆದರಿದೆ, ಸುಳ್ಳೇಕೆ ಹೇಳಲಿ. ಅವರೇ ಎಂದು ಖಾತ್ರಿಯಾದ ಮೇಲೆ ಹೆದರಿಕೆ ಹೋಗಿ ಮೈಯೆಲ್ಲ ಉರಿಯಿತು.

"ಅಲ್ಲಾ ರೀ, ನಾನು ಅಲ್ಲಿ ಖಾಲಿ ಮಂಚ ನೋಡ್ಕೊಂಡು ಬಿದ್ದಿದ್ದೀನಿ. ನೀವು ಇಲ್ಲಿ ಫ್ಲ್ಯಾಟು ಕಾಯ್ತಾ ಕೂತಿದ್ದೀರಾ?" ಎಂದು ಗೋಡೆಗೆ ಬೈದೆ.

ಪ್ರತಿ ಗುರುವಾರವೂ ಅದೇ ಕಥೆ. ಇತ್ತ ಮನೆಯಲ್ಲಿ ಕಿವಿ ನೆಟ್ಟಗೆ ಮಾಡಿಕೊಂಡು ಕಾದದ್ದೇ ಬಂತು. ಒಂದು ಕೆಮ್ಮಿಲ್ಲ, ಚಪ್ಪಲಿಯ ಸದ್ದಿಲ್ಲ. ನನಗೆ ಹೊಟ್ಟೆಕಿಚ್ಚು ಬಂತು. ಸಿಮೆಂಟು ಇಟ್ಟಿಗೆಯ ಮೇಲೆ ಹೊಟ್ಟೆಕಿಚ್ಚು!

ಒಂದು ದಿನ ಕೆಳಗಿನ ಮನೆಯ ಟೀಚರಮ್ಮ ಲಿಫ್ಟಿನಲ್ಲಿ ಹಿಡಿದುಕೊಂಡರು. "ನಿಮ್ಮ ಫ್ಲ್ಯಾಟಲ್ಲಿ ಯಾರೋ ಓಡಾಡ್ತಾರೆ ರೀ, ಅದೂ ಏನು ಗೊತ್ತಾ..."

"ಎಲ್ಲಾ ಗೊತ್ತು ಬಿಡಿ," ಎಂದು ಬಾಯಿ ಮುಚ್ಚಿಸಿದೆ. ನನ್ನ ಗಂಡನ ಸುದ್ದಿಯನ್ನು ನನಗೆ ಕಂಡವರು ಹೇಳಬೇಕೇ?

ಅದೇ ಹೊತ್ತಿಗೆ ಬ್ರೋಕರ್ ಬಂದ. ಮಾತಿನಲ್ಲೇ ಅರಮನೆ ಕಟ್ಟುವ ಆಸಾಮಿ. "ಅಮ್ಮಾ, ಒಳ್ಳೆ ಪಾರ್ಟಿ ಇದ್ದಾರೆ, ಈಗಲೇ ಕೊಟ್ಬಿಡಿ. ಎದುರಿಗೆ ಇನ್ನೊಂದು ಕಟ್ಟಡ ಎದ್ದರೆ ನಿಮ್ಮ ಕಿಟಕಿಗೆ ಗಾಳೀನೂ ಇಲ್ಲ, ನಿಮಗೆ ರೇಟೂ ಇಲ್ಲ."

ಮಗ ಒಪ್ಪಲಿಲ್ಲ. "ಬೇಡಮ್ಮ, ಇಟ್ಕೊಳ್ಳೋಣ. ಹೊಸ ರಸ್ತೆ ಆಗಲಿ, ಎರಡರಷ್ಟಾಗುತ್ತೆ. ಅಪ್ಪ ಇಷ್ಟು ವರ್ಷ ಹಿಡ್ಕೊಂಡಿದ್ದು ಸುಮ್ನೇನಾ?"

ಇಬ್ಬರೂ ನನ್ನೆದುರು ಲೆಕ್ಕ ಹಾಕಿದ್ದೇ ಹಾಕಿದ್ದು. ನನ್ನ ಲೆಕ್ಕ ಬೇರೆಯೇ ಇತ್ತು. ಫ್ಲ್ಯಾಟು ಕೈಬಿಟ್ಟರೆ ಆ ಮನುಷ್ಯ ಎಲ್ಲಿಗೆ ಹೋಗಬೇಕು? ನನ್ನ ಹತ್ತಿರವೇ ಬರಬೇಕು. ಅವರು ಮನೆಗೆ ಬಂದರೆ ಸಾಕಾಗಿತ್ತು ನನಗೆ, ರೇಟು ಗಂಗೆಯ ಪಾಲಾಗಲಿ.

"ಮಾರ್ತೀನಿ," ಎಂದೆ.

ಮಗ ಮುಖ ಊದಿಸಿಕೊಂಡ. ನೋಂದಣಿ ಕಚೇರಿಯಲ್ಲಿ ಸಹಿ ಹಾಕಿ ಬೀಗದ ಕೈ ಕೊಟ್ಟುಬಿಟ್ಟೆ. ಅವರಿಗೊಂದು ಮಾತು ಹೇಳಲೂ ಹೋಗಲಿಲ್ಲ. ಹೇಳದೆ ಕೇಳದೆ ಹೊರಟುಹೋದವರಿಗೆ ನಾನೇಕೆ ಹೇಳಿ ಮಾರಬೇಕು? ಮನೆಗೆ ಬಂದು ಅವರ ದಿಂಬಿಗೆ ಹೊಸ ಕವರು ಹಾಕಿ ಕಾದೆ. ಒಂದು ಗುರುವಾರ ಹೋಯಿತು, ಮತ್ತೊಂದು ಹೋಯಿತು, ಹೀಗೇ ಎಷ್ಟೋ ಹೋದವು. ಅವರು ಬರಲಿಲ್ಲ.

ತಡೆಯಲಾರದೆ ಕೊನೆಗೆ ಅಲ್ಲಿಗೇ ಹೋದೆ. ಕೊಂಡವರು ಸಂಸಾರ ಹೂಡಿ ತಿಂಗಳಾಗಿತ್ತು. ಮನೆ ತುಂಬ ಸಾಮಾನು, ಗೋಡೆ ತುಂಬ ಮೊಳೆ.

"ಇಲ್ಲಿ ಏನಾದ್ರೂ ಸದ್ದು ಗಿದ್ದು..." ಎಂದೆ.

"ಇಲ್ವಲ್ಲ ಆಂಟಿ," ಎಂದಳು ಮನೆಯ ಹುಡುಗಿ. "ತುಂಬಾ ಶಾಂತವಾಗಿದೆ."

ಅಂದರೆ ಇಲ್ಲೂ ಇಲ್ಲ, ಅಲ್ಲೂ ಇಲ್ಲ. ಮೆಟ್ಟಿಲಿಳಿದು ಟೀಚರಮ್ಮನ ಬಾಗಿಲು ತಟ್ಟಿದೆ.

"ಅವತ್ತು ಏನೋ ಹೇಳೋಕೆ ಬಂದ್ರಿ, ನಾನೇ ಬಿಡಲಿಲ್ಲ. ಏನದು?"

"ಅಯ್ಯೋ, ಅದಾ? ವಾರವೆಲ್ಲ ಮೇಲೆ ಒಂದು ಚೂರೂ ಸದ್ದು ಇರ್ತಿರಲಿಲ್ಲ ರೀ. ಗುರುವಾರ ಮಾತ್ರ. ಮೊದಲು ನಲ್ಲಿ ಬಿಡೋ ಸದ್ದು. ಆಮೇಲೆ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಒಂದೇ ಸಮ ಓಡಾಟ. ಯಾರಿಗೋ ಕಾಯೋರ ಥರ. ನೀವು ಬಂದು ಬೀಗ ತೆಗೆದ ತಕ್ಷಣ ನಿಂತುಹೋಗೋದು."

ಬಾಗಿಲ ಚೌಕಟ್ಟು ಹಿಡಿದುಕೊಂಡೆ. "ಮಾರಿದ ಮೇಲೆ?"

"ಕೊಂಡವರು ಇನ್ನೂ ಸಾಮಾನು ತಂದಿರಲಿಲ್ಲ, ಆಗ ಒಂದು ಗುರುವಾರ ಕೇಳಿಸ್ತು," ಎಂದರು ಟೀಚರಮ್ಮ. "ಅವತ್ತು ಕತ್ತಲಾದ್ರೂ ನಿಲ್ಲಲೇ ಇಲ್ಲ ರೀ. ನೀವು ಬರಲಿಲ್ಲವಲ್ಲ."