ಒಂಟೆಲೆಗೆ ಬೀಜ ಹಿಡಿದದ್ದು

ಮೂರನೆಯ ಹೂವೂ ಮುರಿದು ಕೈಗೆ ಬಂತು. ಅತ್ತಿಗೆ ಅದನ್ನು ಮೇಜಿನ ಮೇಲಿಟ್ಟು, ಕುಂಚವನ್ನು ಪಕ್ಕಕ್ಕೆ ಸರಿಸಿ, ಬಲಗೈಯನ್ನು ಎಡಗೈಯಿಂದ ಬಿಗಿಯಾಗಿ ಅದುಮಿ ಹಿಡಿದು ಕೂತಳು. ತಾರಸಿಯ ಮೇಲಿನ ಆ ಪುಟ್ಟ ಕೋಣೆಯ ಬಾಗಿಲು ತೆರೆದೇ ಇತ್ತು. ಎರಡು ಲೋಟ ಚಹಾ ಹಿಡಿದು ಮೆಟ್ಟಿಲು ಹತ್ತಿ ಬಂದ ನಾದಿನಿ ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ನೋಡಿದಳು.

"ಎಷ್ಟು ದಿನದಿಂದ ಹೀಗೆ?"

"ಏನು ಹೀಗೆ? ಹೂವು ಮೆತ್ತಗಿತ್ತು, ಮುರೀತು."

"ನಾನು ಕೇಳಿದ್ದು ಹೂವಿನ ವಿಷಯ ಅಲ್ಲ ಅತ್ತಿಗೆ."

ಅತ್ತಿಗೆ ಚಹಾಕ್ಕೆ ಕೈ ಚಾಚಲಿಲ್ಲ. ಚಾಚಿದ್ದರೆ ಲೋಟವೇ ಸಾಕ್ಷಿ ಹೇಳಿಬಿಡುತ್ತಿತ್ತು. ಕೆಲವು ತಿಂಗಳಿಂದ ಅವಳು ಚಹಾ ಆರಿದ ಮೇಲೆ ಒಬ್ಬಳೇ ಕುಡಿಯುತ್ತಿದ್ದಳು; ಬಿಸಿ ಸೇರುವುದಿಲ್ಲ ಎಂದು ನೆಪ ಹೇಳುತ್ತಿದ್ದಳು. ನಾದಿನಿ ಅದನ್ನು ನಂಬಿಯೂ ಇದ್ದಳು.

ಮೇಜಿನ ಮೇಲೆ ಅಗಲ ಬಾಯಿಯ ಕುಂಡದಲ್ಲಿ ಆ ಗಿಡವಿತ್ತು. ಗಿಡ ಎಂದರೂ ಅದಕ್ಕಿದ್ದದ್ದು ಒಂದೇ ಒಂದು ಎಲೆ. ಮೊಳಕೈ ಉದ್ದದ, ಮಖಮಲ್ಲಿನಂಥ ರೋಮದ, ಅಡಿಭಾಗ ಕೆನ್ನೇರಳೆಯ ಆ ಎಲೆ ಕುಂಡದ ಅಂಚು ದಾಟಿ ಮೇಜಿನ ಮೇಲೆ ನಾಲಿಗೆಯಂತೆ ಚಾಚಿಕೊಂಡಿತ್ತು. ಆಫ್ರಿಕಾದ ಯಾವುದೋ ಕಾಡಿನಲ್ಲಿ, ಜಲಪಾತದ ಪಕ್ಕದ ಒದ್ದೆ ಬಂಡೆಗಳ ಮೇಲೆ ಮಾತ್ರ ಬೆಳೆಯುವ ಜಾತಿ. ಹುಟ್ಟಿದಾಗಿನಿಂದ ಸಾಯುವವರೆಗೆ ಒಂದೇ ಎಲೆ, ಒಂದೇ ಸಲ ಹೂವು. ಬೀಜವಾದ ಮೇಲೆ ಅದರ ಕತೆ ಮುಗಿಯಿತು. ಸರ್ಕಾರಿ ಸಸ್ಯೋದ್ಯಾನದ ಗಾಜಿನ ಮನೆಯಲ್ಲಿ ಅದಕ್ಕೊಂದು ಉದ್ದದ ಹೆಸರಿತ್ತು. ಆ ಹೆಸರಿಗೆ ನಾಲಿಗೆ ಹೊರಳದೆ ಕೆಲಸದವರೆಲ್ಲ ಸೇರಿ ಒಂಟೆಲೆ ಎಂದಿಟ್ಟಿದ್ದರು. ನಾದಿನಿಯ ಪಾರ್ಲರಿಗೆ ಬರುವ ಹೆಂಗಸೊಬ್ಬಳು ಅದನ್ನು ಕೇಳಿ, "ಒಂಟೆ ತಿನ್ನೋ ಎಲೆನಾ?" ಎಂದು ಕೇಳಿದ್ದಳು. ಅಂದಿನಿಂದ ನಾದಿನಿ ದಿನಾ ಬೆಳಿಗ್ಗೆ, "ನಿಮ್ಮ ಒಂಟೆ ಎದ್ದಿತಾ?" ಎನ್ನುವುದು ರೂಢಿಯಾಗಿತ್ತು.

ಆ ಗಾಜಿನ ಮನೆಯಲ್ಲಿ ಅತ್ತಿಗೆ ಇಪ್ಪತ್ತೆಂಟು ವರ್ಷ ದುಡಿದಿದ್ದಳು. ಗಂಡನ ಮನೆ ಒಗ್ಗದೆ ಪೆಟ್ಟಿಗೆ ಹಿಡಿದು ಬಂದ ನಾದಿನಿಗೆ ಕೆಳಗಿನ ಕೋಣೆ ಬಿಟ್ಟುಕೊಟ್ಟು, ಬಣ್ಣ ಬಳಿಸಿ, ಕನ್ನಡಿ ಹಾಕಿಸಿ, ಬ್ಯೂಟಿ ಪಾರ್ಲರ್ ಮಾಡಿಕೊಟ್ಟವಳೂ ಅವಳೇ. ಆರು ವರ್ಷದ ಹಿಂದೆ ಅಣ್ಣ ತೀರಿಕೊಂಡಾಗ, ಇನ್ನು ಇವರಿಬ್ಬರೂ ಬೇರೆಬೇರೆಯಾಗುತ್ತಾರೆ ಎಂದು ನೆಂಟರು ಅಂದುಕೊಂಡರು. ಇಬ್ಬರಲ್ಲಿ ಯಾರೂ ಆ ಮಾತೆತ್ತಲಿಲ್ಲ. ಅಣ್ಣನ ಚಪ್ಪಲಿ ಸ್ಟ್ಯಾಂಡಿನಿಂದ ಹೋಯಿತು, ಉಳಿದದ್ದೆಲ್ಲ ಇದ್ದ ಹಾಗೇ ಇತ್ತು.

"ಎಂಟು ತಿಂಗಳಾಯ್ತು," ಎಂದಳು ಅತ್ತಿಗೆ ಕೊನೆಗೆ. "ಮೊದಲು ಬರೆಯೋವಾಗ ಮಾತ್ರ ನಡುಗ್ತಿತ್ತು."

"ಎಂಟು ತಿಂಗಳು. ಒಂದೇ ಸೂರಿನಡಿ ಇದ್ದೀವಿ. ನಾನೇನು ಪಕ್ಕದ ಬೀದಿಯವಳಾ?"

"ನಿಂಗೆ ಯಾಕೆ ತಲೆನೋವು ಅಂತ."

"ನನ್ನ ತಲೆನೋವು ನಾನು ನೋಡ್ಕೊಳ್ತೀನಿ. ನಾಳೆ ಡಾಕ್ಟರ ಹತ್ರ ಹೋಗ್ತೀವಿ. ಈಗ ಹೇಳಿ, ಈ ಹೂವಿಗೆ ಏನು ಮಾಡ್ಬೇಕು?"

"ನಿನ್ನ ಕೈಲಾಗಲ್ಲ ಕಣೆ."

ನಾದಿನಿ ಕೆಳಗೆ ಹೋದಳು. ಬಂದಾಗ ಅವಳ ಕೈಯಲ್ಲಿ ಹುಬ್ಬಿಗೆ ಬಣ್ಣ ಹಚ್ಚುವ ಕೂದಲೆಳೆಯಂಥ ಕುಂಚವಿತ್ತು. ಕಂಕುಳಲ್ಲಿ ಮುಖದ ಕಲೆ ನೋಡುವ ಭೂತಗನ್ನಡಿಯ ದೀಪವಿತ್ತು. "ದಿನಾ ಹತ್ತು ಜನರ ರೆಪ್ಪೆ ಹತ್ರ ಕೈಯಾಡಿಸ್ತೀನಿ. ಇದುವರೆಗೆ ಯಾರ ಕಣ್ಣೂ ಹೋಗಿಲ್ಲ," ಎಂದು ಸ್ಟೂಲು ಎಳೆದುಕೊಂಡು ಕೂತಳು.

ಅತ್ತಿಗೆ ಹೇಳುತ್ತ ಹೋದಳು. ತೆಳು ನೀಲಿಯ ಆ ಹೂವಿನ ಗಂಟಲೊಳಗೆ ಎರಡು ಪರಾಗದ ಚೀಲಗಳು ಮೂಗಿಗೆ ಮೂಗು ತಾಗಿಸಿ ನಿಂತಿರುತ್ತವೆ. ಇವತ್ತು ಅರಳಿದ ಹೂವಿನಿಂದ ಆ ಹಳದಿ ಪುಡಿ ತೆಗೆದು, ಮೂರು ದಿನದ ಹಿಂದೆ ಅರಳಿದ ಹೂವಿನೊಳಗಿನ ಸಣ್ಣ ಕಡ್ಡಿಯ ತುದಿಗೆ ಮುಟ್ಟಿಸಬೇಕು. ಸುಮ್ಮನೆ ಮುಟ್ಟಿಸಬೇಕು, ಒತ್ತಬಾರದು. ಆ ಕಾಡಿನಲ್ಲಿ ಈ ಕೆಲಸಕ್ಕೆ ಯಾವುದೋ ಹುಳವಿದೆ, ಇಲ್ಲಿ ಅದಿಲ್ಲ.

"ಅಂದ್ರೆ ಈಗ ನಾನು ಹುಳ."

"ಮಾತಾಡ್ಬೇಡ, ಉಸಿರಿಗೆ ಪುಡಿ ಹಾರುತ್ತೆ."

ನಾದಿನಿ ಉಸಿರು ಬಿಗಿಹಿಡಿದಳು. ಕುಂಚದ ತುದಿ ಒಳಗೆ ಹೋಗಿ ಹೊರಗೆ ಬಂತು. ಹೂವು ಅಲುಗಲೂ ಇಲ್ಲ. ಅತ್ತಿಗೆ ಆ ಕೈಯನ್ನೇ ನೋಡುತ್ತಿದ್ದಳು. ಹೊಟ್ಟೆಕಿಚ್ಚಿನಂಥದ್ದು ಒಂದು ಗಳಿಗೆ ಬಂದು ಹೋಯಿತು. ಆಮೇಲೆ ಎಷ್ಟೋ ದಿನದ ಭಾರ ಇಳಿದಂತಾಗಿ, ಅವಳು ಎರಡೂ ಕೈಯಲ್ಲಿ ಲೋಟ ಹಿಡಿದು, ಮೇಜಿನ ಮೇಲೆ ಚೆಲ್ಲಿಕೊಳ್ಳುತ್ತಲೇ ಬಿಸಿ ಚಹಾ ಕುಡಿದಳು.

ಮರುದಿನ ಡಾಕ್ಟರು, ಇದು ಜೀವಕ್ಕೇನೂ ಅಪಾಯವಿಲ್ಲ, ಆದರೆ ಪೂರ್ತಿ ಹೋಗುವುದೂ ಇಲ್ಲ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು.

ಹತ್ತು ದಿನದಲ್ಲಿ ಉಳಿದ ಎಂಟು ಹೂಗಳಿಗೂ ನಾದಿನಿ ಕುಂಚ ಮುಟ್ಟಿಸಿದಳು. ನಾಲ್ಕು ಕಾಯಿ ಕಚ್ಚಿದವು, ಎರಡು ಉದುರಿದವು. ಉಳಿದೆರಡು ಹಗ್ಗ ಹೊಸೆದಂತೆ ಸುರುಳಿ ಸುತ್ತಿಕೊಂಡು ಉದ್ದವಾದವು. ಆಗಲೇ ನಾದಿನಿ ಆ ಮಾತು ತೆಗೆದಳು.

"ತೋಟದ ಡಾಕ್ಟರಮ್ಮನಿಗೆ ಒಂದು ಫೋನ್ ಮಾಡಿ ಅತ್ತಿಗೆ."

ಡಾಕ್ಟರಮ್ಮ ಎಂದರೆ ರೋಗಿಗಳನ್ನು ನೋಡುವವಳಲ್ಲ; ಸಸ್ಯೋದ್ಯಾನದ ಸಸ್ಯವಿಜ್ಞಾನಿ. ಈ ಬೇಸಿಗೆಯ ರಜೆಯಲ್ಲಿ ಗಾಜಿನ ಮನೆಯ ಫ್ಯಾನು ನಿಂತು, ಮೂರು ದಿನ ಯಾರೂ ಗಮನಿಸದೆ, ಅಲ್ಲಿದ್ದ ಒಂಬತ್ತು ಒಂಟೆಲೆಗಳೂ ಬೆಂದುಹೋಗಿದ್ದವು. ಹಳೆಯ ಸಹೋದ್ಯೋಗಿಯೊಬ್ಬಳು ಫೋನಿನಲ್ಲಿ ಈ ಸುದ್ದಿ ಹೇಳಿದಾಗ ಅತ್ತಿಗೆ ಫೋನು ಕಿವಿಗಿಟ್ಟುಕೊಂಡೇ ತಾರಸಿಯ ಕೋಣೆಗೆ ಹತ್ತಿದ್ದಳು. ಅಲ್ಲಿ ಹತ್ತನೆಯದೊಂದು ಇರುವುದು ತೋಟದಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿವೃತ್ತಿಯ ಕೊನೆಯ ವಾರ, ಕೊಳೆತ ಎಲೆಯೊಂದನ್ನು ಕತ್ತರಿಸುವಾಗ ಉಳಿದ ಬೆರಳಗಲದ ಒಳ್ಳೆಯ ತುಂಡನ್ನು ಅವಳು ಕಸದ ಬುಟ್ಟಿಗೆ ಹಾಕಿರಲಿಲ್ಲ. ಒದ್ದೆ ಕರವಸ್ತ್ರದಲ್ಲಿ ಸುತ್ತಿ, ಊಟದ ಡಬ್ಬಿಯಲ್ಲಿಟ್ಟು ಮನೆಗೆ ತಂದಿದ್ದಳು. ಗಾಜಿನ ಜಾಡಿಯೊಳಗೆ ಒದ್ದೆ ಮರಳಿನಲ್ಲಿ ನಿಲ್ಲಿಸಿದ ಆ ತುಂಡಿನ ನರದ ಬುಡದಿಂದ ನಲವತ್ತು ದಿನಕ್ಕೆ ಒಂದು ಮರಿ ಎದ್ದಿತ್ತು. ಅದಾಗಿ ಮೂರು ವರ್ಷ.

"ಇಪ್ಪತ್ತೆಂಟು ವರ್ಷ ಒಂದು ಮುರಿದ ಕುಂಡಾನೂ ಮನೆಗೆ ತಂದವಳಲ್ಲ ನಾನು," ಎಂದಳು ಅತ್ತಿಗೆ. "ಈಗ ಯಾವ ಮುಖ ಇಟ್ಕೊಂಡು ಹೇಳ್ಲಿ? ಬೀಜ ಆಗ್ಲಿ, ಸಸಿ ಮಾಡ್ತೀನಿ. ರಾತ್ರೋರಾತ್ರಿ ಹೋಗಿ ಗಾಜಿನ ಮನೆ ಬಾಗಿಲಲ್ಲಿ ಇಟ್ಟು ಬರ್ತೀನಿ."

"ಕೂಸನ್ನ ಬಿಟ್ಟು ಓಡಿಹೋಗೋ ಹಾಗೆ."

ಅತ್ತಿಗೆಗೆ ಸಿಟ್ಟು ಬಂತು. ಎರಡು ದಿನ ಮಾತು ಬೇಕಾದಷ್ಟೇ ನಡೆಯಿತು. ನಾದಿನಿಯ ಹತ್ತಿರ ಡಾಕ್ಟರಮ್ಮನ ಫೋನ್ ನಂಬರು ಇತ್ತು, ಅವಳು ಅದನ್ನು ಮುಟ್ಟಲಿಲ್ಲ.

ಎರಡು ತಿಂಗಳಾಗುವ ಹೊತ್ತಿಗೆ ಮೊದಲ ಕಾಯಿ ಕಂದು ಬಣ್ಣಕ್ಕೆ ತಿರುಗಿ, ತಾನಾಗಿ ಸುರುಳಿ ಬಿಚ್ಚತೊಡಗಿತು. ಅತ್ತಿಗೆ ಅದನ್ನು ಬಿಳಿ ಕಾಗದದ ಮೇಲೆ ಕೊಡವಿದಳು. ಬಿದ್ದದ್ದು ನಶ್ಯದಂಥ ಪುಡಿ. ಅದನ್ನು ಒದ್ದೆ ಮಣ್ಣಿನ ಮೇಲೆ ಉದುರಿಸಿ, ಮಣ್ಣು ಮುಚ್ಚದೆ, ಗಾಜು ಮುಚ್ಚಿ ಕಾದಳು. ಇಪ್ಪತ್ತು ದಿನ ಕಳೆಯಿತು, ಮೂವತ್ತು ಕಳೆಯಿತು. ಹಸಿರು ಕಂಡಿತು, ಭೂತಗನ್ನಡಿಯಲ್ಲಿ ನೋಡಿದರೆ ಅದು ಪಾಚಿ. ತಾರಸಿಯ ಕೋಣೆಯ ಮಧ್ಯಾಹ್ನದ ಕಾವಿಗೆ ಬೀಜ ಬೆಂದಿತ್ತೋ, ನೀರು ಹಾಕುವಾಗ ಕೈ ನಡುಗಿ ಒಂದು ಮೂಲೆಗೆ ಹರಿದುಹೋಗಿತ್ತೋ, ತಿಳಿಯಲಿಲ್ಲ. ತಾಯಿ ಗಿಡದ ಎಲೆಯ ತುದಿ ಅಷ್ಟರಲ್ಲಿ ಹಳದಿಯಾಗಿತ್ತು. ಉಳಿದದ್ದು ಒಂದು ಕಾಯಿ.

ಅತ್ತಿಗೆ ಆ ದಿನ ಬಹಳ ಹೊತ್ತು ಕೆಳಗಿಳಿಯಲಿಲ್ಲ. ಆಮೇಲೆ ಬಂದು, ಗಿರಾಕಿಯೊಬ್ಬಳ ಕೂದಲು ಒಣಗಿಸುತ್ತಿದ್ದ ನಾದಿನಿಯ ಮುಂದೆ ನಿಂತು, "ನಂಬರು ಒತ್ತಿಕೊಡು," ಎಂದಳು. "ಮಾತು ನಾನೇ ಆಡ್ತೀನಿ."

ಡಾಕ್ಟರಮ್ಮ ಒಂದು ಗಂಟೆಯೊಳಗೆ ಬಂದಳು. ವಯಸ್ಸಿನಲ್ಲಿ ಅತ್ತಿಗೆಗಿಂತ ತುಂಬ ಚಿಕ್ಕವಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕುಂಡ ಬದಲಿಸುವುದನ್ನು ಕಲಿತದ್ದು ಅತ್ತಿಗೆಯಿಂದಲೇ. ಅತ್ತಿಗೆ ಬಾಗಿಲಲ್ಲೇ, ಒಳಗೆ ಕರೆಯುವ ಮೊದಲೇ, ಊಟದ ಡಬ್ಬಿಯಿಂದ ಹಿಡಿದು ಪಾಚಿಯವರೆಗೆ ಎಲ್ಲವನ್ನೂ ಹೇಳಿಬಿಟ್ಟಳು.

ಡಾಕ್ಟರಮ್ಮನ ಮುಖ ಕೆಂಪಾಯಿತು. "ನಾಲ್ಕು ತಿಂಗಳಿಂದ ಹನ್ನೊಂದು ಕಡೆ ಪತ್ರ ಬರೆದಿದ್ದೀನಿ, ಅಕ್ಕ. ಎಲ್ಲೂ ಇಲ್ಲ ಅಂದ್ರು. ನನ್ನ ಕಾಲದಲ್ಲೇ ಹೋಯ್ತು ಅಂತ ನಾನು ಸರಿಯಾಗಿ ಊಟ ಮಾಡಿಲ್ಲ. ನೀವು ಇಲ್ಲೇ, ಮೂರು ಬಸ್ ಸ್ಟಾಪು ಆಚೆ. ಒಂದು ಫೋನು ಮಾಡೋಕಾಗ್ಲಿಲ್ವಾ?"

"ನಾಚಿಕೆ ಆಯ್ತು."

"ನಿಮ್ಮ ನಾಚಿಕೆಯಿಂದ ಒಂದು ಕಾಯಿ ಹೋಯ್ತಲ್ಲ."

ಅತ್ತಿಗೆ ತಲೆ ತಗ್ಗಿಸಿದಳು. ಡಾಕ್ಟರಮ್ಮ ಆಡಿದ್ದು ನಿಜವೇ ಆಗಿತ್ತು. ಮೇಲೆ ಹೋಗಿ ಎಲೆ ನೋಡಿದ ಮೇಲೆ ಮಾತ್ರ ಡಾಕ್ಟರಮ್ಮ ನೆಲದ ಮೇಲೆ ಕೂತುಬಿಟ್ಟಳು. ಎಲೆಯ ಬುಡವನ್ನು ಒಂದು ಬೆರಳಿನಿಂದ ಸವರಿದಳು. "ನಮ್ಮಲ್ಲಿ ಯಾವುದೂ ಇಷ್ಟು ದೊಡ್ಡದಾಗಿರಲಿಲ್ಲ," ಎಂದಳು. "ಆ ತುಂಡು ನೀವು ತರದೇ ಇದ್ದಿದ್ರೆ ಏನಾಗ್ತಿತ್ತು, ಅಕ್ಕ? ಕಚೇರಿಗೆ ನಾನು ಬರೀತೀನಿ. ನಾನೇ ಸಾಕೋಕೆ ಕೊಟ್ಟಿದ್ದೆ ಅಂತ ಬರೀತೀನಿ."

"ಸುಳ್ಳು ಬರೀಬೇಡಿ. ನಾನು ಕೇಳದೆ ತಂದೆ ಅಂತಲೇ ಬರೀರಿ."

ಎರಡನೆಯ ಕಾಯಿ ಬಿಚ್ಚಿಕೊಂಡಾಗ ಮೂವರೂ ಇದ್ದರು. ಬೀಜವನ್ನು ಎರಡು ಪಾಲು ಮಾಡಿದರು. ಒಂದನ್ನು ಡಾಕ್ಟರಮ್ಮ ಪ್ರಯೋಗಾಲಯಕ್ಕೆ ಒಯ್ದಳು. ಇನ್ನೊಂದು ಇಲ್ಲಿರಲಿ ಎಂದದ್ದೂ ಅವಳೇ. ಎಲ್ಲವನ್ನೂ ಒಂದೇ ಸೂರಿನಡಿ ಇಟ್ಟು ಕಳೆದುಕೊಂಡದ್ದು ಸಾಕಾಗಿತ್ತು. ಮನೆಯಲ್ಲಿ ಏಸಿ ಇದ್ದದ್ದು ಪಾರ್ಲರಿನಲ್ಲಿ ಮಾತ್ರ. ಹೀಗಾಗಿ ಟ್ರೇ ಅಲ್ಲಿಗೆ ಇಳಿಯಿತು, ಶಾಂಪೂ ಬಾಟಲಿಗಳ ಪಕ್ಕದ ಕಪಾಟಿಗೆ. ಅತ್ತಿಗೆ ಕುರ್ಚಿಯಲ್ಲಿ ಕೂತು ಹೇಳುವುದು, ನಾದಿನಿ ಮಾಡುವುದು. ನೀರನ್ನು ಮೇಲಿನಿಂದ ಹಾಕದೆ ತಟ್ಟೆಯಲ್ಲಿಟ್ಟು ಕೆಳಗಿನಿಂದ ಹೀರಿಸಬೇಕು. ಗಾಜಿನ ಹನಿ ಒರೆಸಬೇಕು. ಫೇಸ್‌ಪ್ಯಾಕ್ ಮೆತ್ತಿಕೊಂಡು ಮಲಗಿದ ಗಿರಾಕಿಗಳು ಕಣ್ಣು ಮುಚ್ಚಿಕೊಂಡೇ, "ಬಂತಾ?" ಎಂದು ಕೇಳತೊಡಗಿದರು.

ಹತ್ತೊಂಬತ್ತನೆಯ ದಿನ ಬಂತು. ಸೂಜಿಮೊನೆಯಷ್ಟು ಹಸಿರು, ಒಂದೊಂದಕ್ಕೂ ಎರಡೆರಡು ಎಲೆ. "ಎರಡಿದೆಯಲ್ಲ, ಮೋಸ ಆಯ್ತಾ?" ಎಂದು ನಾದಿನಿ ಗಾಬರಿಯಾದಳು.

"ಹುಟ್ಟುವಾಗ ಎರಡೇ. ಆಮೇಲೆ ಒಂದು ದೊಡ್ಡದಾಗುತ್ತೆ, ಇನ್ನೊಂದು ಅಷ್ಟಕ್ಕೇ ನಿಲ್ಲುತ್ತೆ. ಯಾವುದು ಅಂತ ಈಗ ಹೇಳೋಕಾಗಲ್ಲ."

ಪ್ರಯೋಗಾಲಯದಲ್ಲಿ ಹನ್ನೆರಡು ಮೊಳೆತವು, ಇಲ್ಲಿ ಮೂವತ್ತೊಂದು. ಆ ಲೆಕ್ಕ ಕೇಳಿದ ದಿನ ನಾದಿನಿ ಗಿರಾಕಿಗಳಿಗೆಲ್ಲ ಚಹಾ ಕೊಟ್ಟಳು. ತಾರಸಿಯ ಕೋಣೆಯಲ್ಲಿ ತಾಯಿ ಗಿಡದ ಎಲೆ ಕಾಗದದಂತೆ ಒಣಗಿತ್ತು. ಅತ್ತಿಗೆ ಅದನ್ನು ಕುಂಡದಿಂದ ಬಿಡಿಸಿ, ಹಳೆಯ ಪತ್ರಿಕೆಗಳ ನಡುವೆ ಹಾಸಿ, ಮೇಲೆ ಭಾರವಿಟ್ಟು, ತೋಟದ ಒಣಗಿಡಗಳ ಸಂಗ್ರಹಕ್ಕೆಂದು ಡಾಕ್ಟರಮ್ಮನ ಕೈಗೆ ಒಪ್ಪಿಸಿದಳು.

ಮೊಳಕೆಗಳನ್ನು ಬೇರೆಬೇರೆ ಕುಂಡಕ್ಕೆ ಬಿಡಿಸುವ ದಿನ ಪಾರ್ಲರಿಗೆ ರಜೆ ಹಾಕಿದರು. ಕನ್ನಡಿಯ ಮುಂದಿನ ಕಟ್ಟೆಯ ಮೇಲೆ ಬೆರಳುದ್ದದ ಕುಂಡಗಳನ್ನು ಸಾಲಾಗಿ ಇಟ್ಟಿದ್ದರು. ನಾದಿನಿ ಹಲ್ಲುಕಡ್ಡಿಯ ತುದಿಯಿಂದ ಮೊದಲ ಮೊಳಕೆಯನ್ನು ಬೇರಿನ ಮಣ್ಣಿನ ಸಮೇತ ಎತ್ತಿದಳು. ಟ್ರೇಯಿಂದ ಕುಂಡಕ್ಕೆ ಒಂದು ಗೇಣು ದೂರ. ಅತ್ತಿಗೆ ಅಂಗೈಯನ್ನು ದೊನ್ನೆಯಂತೆ ಮಾಡಿ, ಹೋಗುತ್ತಿದ್ದ ಆ ಕಡ್ಡಿಯ ಕೆಳಗೆ ಹಿಡಿದು, ಅದರ ಜೊತೆಜೊತೆಗೇ ಕೈಯನ್ನು ಸರಿಸಿಕೊಂಡು ಹೋದಳು.