ತೊಳೆದ ಗುರುತು

“ಇಳೀ ಕೆಳಗ, ಹಲ್ಕಟ್ ರಂಡಿ. ಯಾರನ್ನ ಕೇಳಿ ಆ ಕಲ್ಲಿನ ಮ್ಯಾಲ ಕಾಲಿಟ್ಟಿ?”

ಗಿರಿಮಲ್ಲಪ್ಪಗೌಡ ಹೀಗೆ ಬೈಯುವಾಗ ನಾನು ಹಣಮಪ್ಪನ ಗುಡಿಯ ಅಂಗಳದಲ್ಲಿ ಎರಡೂ ಕೈಯಿಂದ ಕೋಲು ಹಿಡಿದು ನಿಂತಿದ್ದೆ. ಇಳಿಯುವಂತಿರಲಿಲ್ಲ. ಕೋಲಿನ ತಲೆಯ ಮೇಲೆ ಅಣಬೆಯಂಥ ಯಂತ್ರ, ನಡುವೆ ಗಾಜಿನೊಳಗೆ ಒಂದು ಗುಳ್ಳೆ. ಆ ಗುಳ್ಳೆ ನಟ್ಟನಡುವೆ ನಿಂತಿರಬೇಕು, ಮೂರು ನಿಮಿಷ ಅಲುಗಬಾರದು ಅಂತ ಸರ್ವೆ ಮಾಡುವ ಕಾಂಚನಾ ಮೇಡಂ ಹೇಳಿದ್ದರು. ಗೌಡ ಬೈಗುಳದೊಳಗೆ ನಮ್ಮವ್ವನನ್ನೂ ಎಳೆದು ತಂದ. ನಾನು ಗುಳ್ಳೆ ನೋಡುತ್ತ ನಿಂತೆ. ಬೈಸಿಕೊಂಡು ಅಲುಗದೆ ನಿಲ್ಲುವುದನ್ನು ನಮಗೆ ಯಾವ ಮೇಡಮ್ಮೂ ಕಲಿಸಬೇಕಾಗಿಲ್ಲ.

ಚಿಮ್ಮಡದ ಆಚೆಯ ನಮ್ಮೂರಿನ ಮೇಲೆ ಡ್ರೋನ್ ಹಾರಿಸಿ, ಫೋಟೋ ತೆಗೆದು, ಮನೆಮನೆಗೆ ಹಕ್ಕಿನ ಕಾರ್ಡು ಕೊಡುತ್ತಾರಂತೆ. ಅದಕ್ಕೂ ಮೊದಲು ಊರಲ್ಲಿ ಐದು ಕಡೆ, ಮುಗಿಲಿಗೆ ಕಾಣುವಂತೆ, ಲೆಕ್ಕದ ಅಧಿಕ ಚಿಹ್ನೆಯಂಥ ಗುರುತನ್ನು ಸುಣ್ಣದಿಂದ ಬಡಿಯಬೇಕು. ಅದರ ನಡುವೆ ಕೋಲು ಊರಿ ಜಾಗ ಅಳೆಯಬೇಕು. ಆಮೇಲೆ ಫೋಟೋದಲ್ಲಿ ಆ ಐದು ಗುರುತು ಹಿಡಿದೇ ಇಡೀ ಊರಿನ ನಕಾಶೆ ಕೂಡಿಸುವುದು. ಗುರುತು ಸರಿದರೆ ನಕಾಶೆ ಸೊಟ್ಟ. ಸುಣ್ಣ ಬಡಿಯಲು, ಕೋಲು ಹಿಡಿಯಲು ಕೂಲಿಗೆ ಹೋದವಳು ನಾನು, ಕೇರಿಯ ತಾರವ್ವ.

ಕೂಲಿಗಿಂತ ನನಗೆ ಆ ಕಾರ್ಡಿನ ಮೇಲೇ ಜೀವ. ನಮ್ಮತ್ತೆ ಮಣ್ಣು ಹೊತ್ತು ಕಟ್ಟಿದ ಮನೆ ಗೌಡನ ಕಣದ ಗೋಡೆಗೆ ಹತ್ತಿಕೊಂಡಿದೆ. ಅವನ ಕಬ್ಬು ಕಡಿಯಲು ಬರುವುದಿಲ್ಲ ಅಂದ ದಿನವೆಲ್ಲ, ಅದು ನನ್ನ ಕಣದ ಜಾಗ, ಗಂಟು ಕಟ್ಟು ಅನ್ನುತ್ತಾನೆ. ನಮ್ಮ ಹತ್ತಿರ ಕಾಗದ ಅಂತ ಒಂದು ಚೂರೂ ಇಲ್ಲ. ಕಾರ್ಡೊಂದು ಬಂದುಬಿಟ್ಟರೆ ಅವನ ಬಾಯಿಗೆ ಬೀಗ.

ನಾವು ಐದನೇ ಗುರುತಿಗೆ ಕನ್ನಡ ಸಾಲಿಯ ಕಡೆ ಹೋದೆವೋ ಇಲ್ಲವೋ, ಗುಡಿಯಲ್ಲಿ ಕೊಡಗಳು ಎದ್ದವು. ಪೂಜಾರಿ ಗೋಮೂತ್ರ ಚಿಮುಕಿಸಿ, ಕಸಬರಿಗೆ ಹಿಡಿದು, ನಾನು ನಿಂತ ಕಲ್ಲನ್ನು ಸುಣ್ಣದ ಸಮೇತ ತಿಕ್ಕಿ ತೊಳೆದ. ಸರಕಾರಿ ಕೆಲಸ ಕೆಡಬಾರದಲ್ಲ, ಗೌಡ ತಾನೇ ಮುಂದೆ ನಿಂತು ನಾಲ್ಕಡಿ ಆಚೆಯ ಕಲ್ಲಿನ ಮೇಲೆ ಹೊಸ ಗುರುತು ಬಡಿಸಿದ. ಗೀಟು ಗೀಟೇ, ಇಲ್ಲಿ ಬಡಿದರೇನು ಅಲ್ಲಿ ಬಡಿದರೇನು ಅಂದನಂತೆ. ಮಡಿ ಗುರುತು ನನ್ನದಕ್ಕಿಂತ ಚಂದ ಇತ್ತಂತೆ, ನಾಲ್ಕು ತುದಿಗೂ ಕುಂಕುಮ ಬೇರೆ. ಓಣಿ ಗುಡಿಸುವ ಕರೆವ್ವ ಇದನ್ನೆಲ್ಲ ನೋಡಿದ್ದಳು. ನನಗೆ ಹೇಳಿದ್ದು ಮಾತ್ರ ಡ್ರೋನ್ ಹಾರಿ ಹೋದ ಮೇಲೆ. ಅವಳೂ ಗೌಡನ ಹೊಲದ ಕೂಲಿ ತಿನ್ನುವವಳೇ.

ತಿಂಗಳಾದ ಮೇಲೆ ಮೇಡಂ ನಕಾಶೆ ತಂದು ಪಂಚಾಯ್ತಿ ಕಟ್ಟೆಯ ಮೇಲೆ ಹಾಸಿದರು. ನಾಲ್ಕು ಗುರುತು ಸರಿಯಾಗಿ ಕೂತಿದ್ದವು. ಗುಡಿಯದು ಕೂತಿರಲಿಲ್ಲ, ಅದರ ಸುತ್ತಲಿನದೆಲ್ಲ ಸೊಟ್ಟಗಾಗಿತ್ತು. ಗುಡಿಯ ಮಗ್ಗುಲಲ್ಲೇ ಗೌಡನ ಹೊಸ ಬಂಗಲೆ. ಅದು ಮೆಟ್ಟಿಲು, ಕಂಬ, ತುಳಸಿಕಟ್ಟೆ ಸಮೇತ ನಾಲ್ಕಡಿ ಸರಿದು ಸರಕಾರಿ ರಸ್ತೆಯಲ್ಲಿ ನಿಂತಿತ್ತು. ಗುಡಿಯಿಂದ ದೂರದ ನಮ್ಮ ಕೇರಿಯ ಮನೆಗಳು ಒಂದೂ ಕದಲಿರಲಿಲ್ಲ. ಕರೆವ್ವ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು.

ಮತ್ತೆ ಹಾರಿಸಬೇಕೆಂದರೆ ಗುರುತು ಸರಿಸಿದ್ದು ಯಾರು, ಯಾಕೆ ಅಂತ ಪಂಚನಾಮೆ ಆಗಬೇಕು ಅಂದರು ಮೇಡಂ. ಗೌಡ ನನ್ನನ್ನು ಗೋಡೆಯ ಮರೆಗೆ ಕರೆದ. ಅಳತೆಯಾದ ಮೇಲೆ ನಾನೇ ಮರೆತು ಎರಡನೇ ಸಲ ಬಡಿದೆ ಅಂತ ಸಹಿ ಮಾಡಬೇಕಂತೆ. ಮಾಡದಿದ್ದರೆ ನನ್ನ ಮನೆಯ ಮೇಲೆ ತಕರಾರು ಅರ್ಜಿ ಹಾಕುತ್ತಾನಂತೆ, ಕಾರ್ಡಿನ ಮುಖ ಹೆಂಗ ನೋಡ್ತಿ ನಾನೂ ನೋಡ್ತೀನಿ ಅಂದ. ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ತೊಳೆದವನು ಅವನು, ಮರೆತವಳು ನಾನಂತೆ.

ವಾಪಸು ಬಂದು ನಕಾಶೆಯ ಮುಂದೆ ನಿಂತೆ.

“ಬರಕೋರಿ ಮೇಡಮ್ಮಾರ. ತಾರವ್ವ ಮುಟ್ಟಿದಳಂತ ಗೌಡ್ರು ಕಲ್ಲ ತೊಳಿಸ್ಯಾರ. ನಾ ನಿಲ್ಲದ ಕಲ್ಲಿನ ಮ್ಯಾಲ ಬ್ಯಾರೆ ಗುರುತ ಬಡಿಸ್ಯಾರ.”

ಇಂಥ ಮಾತು ಕಾಗದಕ್ಕಿಳಿದರೆ ಜಾತಿನಿಂದನೆಯ ಕೇಸಾಗುತ್ತದೆ ಅಂತ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಗೌಡ ಒಂದು ಸಲ ನನ್ನನ್ನು ನೋಡಿದ, ಇನ್ನೊಂದು ಸಲ ನಕಾಶೆಯ ರಸ್ತೆಯಲ್ಲಿ ನಿಂತ ತನ್ನ ಬಂಗಲೆಯನ್ನು ನೋಡಿದ.

“ಧೂಳಿತ್ರಿ ಮೇಡಮ್ಮಾರ,” ಅಂದ, ಮೆತ್ತಗೆ. “ಧೂಳಿತ್ತಂತ ತೊಳಿಸಿದ್ದು. ಹಂಗ ಬರೀರಿ.”

ಆಗ ಹಿಂದಿನಿಂದ ಕರೆವ್ವನ ದನಿ ಬಂತು. ಜನ್ಮದಲ್ಲಿ ಪಂಚಾಯ್ತಿಯೊಳಗೆ ಬಾಯಿ ತೆರೆದವಳಲ್ಲ ಅವಳು.

“ನಾ ಕಣ್ಣಾರೆ ನೋಡೇನ್ರಿ. ಧೂಳಿಗೆ ಯಾರು ಗೋಮೂತ್ರ ಹಾಕ್ತಾರ್ರಿ?”

ಯಾರೋ ಕಿಸಕ್ಕೆಂದರು. ಮೇಡಂ ಮೂವರ ಮಾತನ್ನೂ ಇದ್ದದ್ದು ಇದ್ದಂತೆ ಬರೆದರು. ಗೌಡ ಓದಿದ, ಬೆವರೊರೆಸಿಕೊಂಡ, ಮತ್ತೆ ಓದಿದ. ಕೊನೆಗೆ ಧೂಳಿನ ಸಾಲಿನ ಕೆಳಗೆ ಸಹಿ ಹಾಕಿದ. ಬಂಗಲೆ ಉಳಿಯಬೇಕಿತ್ತಲ್ಲ. ಮರುದಿನವೇ ಜಮಖಂಡಿಯ ತಾಲೂಕು ಕಚೇರಿಗೆ ಹೋಗಿ ನನ್ನ ಮನೆಯ ಮೇಲೆ ತಕರಾರು ಹಾಕಿಯೂ ಬಂದ. ಅದು ಇನ್ನೂ ಇತ್ಯರ್ಥವಾಗಿಲ್ಲ.

ಎಂಟು ದಿನಕ್ಕೆ ಡ್ರೋನ್ ಮತ್ತೆ ಬಂತು. ತೊಳೆದ ಕಲ್ಲಿನ ಮೇಲೇ ನಾನು ಮತ್ತೆ ಸುಣ್ಣ ಬಡಿದೆ, ಮತ್ತೆ ಕೋಲು ಹಿಡಿದೆ. ಈ ಸಲ ಡ್ರೋನ್ ಇಳಿಯುವತನಕ ಗುರುತಿಗೊಬ್ಬರು ಕಾವಲಿರಬೇಕು ಅಂತ ಮೇಡಂ ಕಟ್ಟುನಿಟ್ಟು ಮಾಡಿದ್ದರು. ಗುಡಿಯ ಗುರುತಿಗೆ ಕಾವಲು ನಾನೇ. ಎಲ್ಲಿ ಕೂಡಲಿ ಅಂತ ನೋಡಿದೆ. ನಾಲ್ಕಡಿ ಆಚೆ ಆ ಮಡಿ ಕಲ್ಲಿತ್ತು, ಸುಣ್ಣ ಕೆರೆಸಿದ್ದರೂ ಕುಂಕುಮ ಇನ್ನೂ ಪೂರ್ತಿ ಹೋಗಿರಲಿಲ್ಲ. ಅದರ ಮೇಲೇ ಚಕ್ಕಳಮಕ್ಕಳ ಹಾಕಿದೆ.

ಪೂಜಾರಿ ನೀರಿನ ಕೊಡ ಹಿಡಿದು ಒಳಗೆ ಕಾಲಿಡಲು ಬಂದ. ಗೌಡನೇ ಅವನ ರಟ್ಟೆ ಹಿಡಿದು ಗೇಟಿನ ಹೊರಗೆ ಎಳೆದು ನಿಲ್ಲಿಸಿದ. ಆಮೇಲೆ ನನ್ನ ಕಡೆ ತಿರುಗಿದ.

“ಅಲ್ಲೇ ಕುಂದ್ರ ತಾರವ್ವ,” ಅಂದ. “ಏಳಬ್ಯಾಡ ನೋಡವಾ. ಯಾರನ್ನೂ ಹತ್ರ ಬಿಡಬ್ಯಾಡ.”

ಡ್ರೋನ್ ಗುಂಯ್ ಅನ್ನುತ್ತ ಕಬ್ಬಿನ ಮೇಲಿಂದ ಗುಡಿಯ ಕಡೆ ಬರುತ್ತಿತ್ತು. ನನಗೆ ಹಸಿವಾಗಿತ್ತು. ಬುತ್ತಿ ಬಿಚ್ಚಿ, ಮಡಿ ಕಲ್ಲಿನ ಮೇಲೆ ರೊಟ್ಟಿ ಹಾಸಿ, ಖಾರ ಹಚ್ಚಿಕೊಂಡು ಉಣ್ಣತೊಡಗಿದೆ.