ಬಚ್ಚಮ್ಮನ ಗಂಟಲು

ಚನ್ನರಾಯಪ್ಪನಿಗೆ ಅಭಿಪ್ರಾಯಗಳಿದ್ದವು. ಕೋಲಾರದ ಸರ್ಕಾರಿ ಕಚೇರಿಯ ಗುಮಾಸ್ತನಿಗೆ ಅಭಿಪ್ರಾಯ ಇರಬಾರದು ಅಂತೇನಿಲ್ಲ. ಆದರೆ ಇವನವು ರಾಜಕೀಯದ ಮೇಲೂ ಅಲ್ಲ, ಮಾವಿನ ರೇಟಿನ ಮೇಲೂ ಅಲ್ಲ, ಆಲ್ಡಸ್ ಮೋರ್ನ್ ಎಂಬ ಇಂಗ್ಲೆಂಡಿನ ಹಾಡುಗಾರನ ಮೇಲೆ. ಆ ಪುಣ್ಯಾತ್ಮ ಕಪ್ಪು ಮುಸುಕು ಹೊದ್ದುಕೊಂಡು, ಕಿವಿ ಕಿತ್ತುಹೋಗುವಂಥ ಗಿಟಾರಿನ ನಡುವೆ ದೆವ್ವದ ಕಥೆ ಹಾಡುತ್ತಿದ್ದ. ಬಿಡಿ ಹಾಡುಗಳಲ್ಲ, ನಮ್ಮಲ್ಲಿ ಹರಿಕಥೆ ಮಾಡುವ ಹಾಗೆ ಒಂದು ಕ್ಯಾಸೆಟ್ಟಿಗೆ ಮೊದಲಿಂದ ಕಡೇವರೆಗೂ ಒಂದೇ ಕಥೆ. ಹೆವಿ ಮೆಟಲ್ ಅಂತ ಆ ಸಂಗೀತಕ್ಕೆ ಹೆಸರು. ಕಾಲೇಜಿನಲ್ಲಿ ಜೊತೆಗಿದ್ದ ಕೆ.ಜಿ.ಎಫ್. ಹುಡುಗನೊಬ್ಬ ಕೊಟ್ಟ ಕ್ಯಾಸೆಟ್ಟಿನಿಂದ ಹತ್ತಿದ ಹುಚ್ಚು, ಎಂಬತ್ತೇಳನೇ ಇಸವಿಯ ಹೊತ್ತಿಗೆ ನೆತ್ತಿಗೇರಿ ಕೂತಿತ್ತು.

ಭಾನುವಾರ ಬಂತೆಂದರೆ ಬಸ್ ಸ್ಟ್ಯಾಂಡ್ ಪಕ್ಕದಲ್ಲಿದ್ದ ಗುರುವಪ್ಪನ ಅಂಗಡಿಯಲ್ಲಿ ಇವನ ದರ್ಬಾರು. ಖಾಲಿ ಕ್ಯಾಸೆಟ್ ತಂದುಕೊಟ್ಟವರಿಗೆ ಬೇಕಾದ ಹಾಡು ತುಂಬಿಸಿಕೊಡುವ ಅಂಗಡಿ ಅದು. ಗುರುವಪ್ಪನಿಗೆ ಭಕ್ತಿಗೀತೆಯೂ ಒಂದೇ, ದೆವ್ವದ ಗೀತೆಯೂ ಒಂದೇ. ಬರುತ್ತಿದ್ದ ನಾಲ್ಕಾರು ಕಾಲೇಜು ಹುಡುಗರಿಗೆ ಮಾತ್ರ ಚನ್ನರಾಯಪ್ಪ ಹೇಳಿದ್ದೇ ವೇದ.

"ಮೊದಲ್ನೇದು ಗಿರಣಿಯೋನ ಕಥೆ. ಸತ್ತ ತಾಯಿ ಬಂದು ರಾತ್ರಿಯೆಲ್ಲ ಬೀಸ್ತಾಳೆ. ಅದಕ್ಕೆ ಸಾಟಿ ಇಲ್ಲ ಬಿಡಿ. ಎರಡನೇದು ಸೂಲಗಿತ್ತಿದು, ಪರವಾಗಿಲ್ಲ. ಮೂರನೇದು ಇದ್ಯಲ್ಲ, ಅದ್ರಲ್ಲಿ ಕೆಟ್ಟ ಕಣೋ ಅವ್ನು. ಪೂರ್ತಿ ಕೆಟ್ಟ."

"ಯಾಕಣ್ಣ?" ಅಂತ ಯಾರಾದರೂ ಕೇಳಲೇಬೇಕು, ಕೇಳುತ್ತಿದ್ದರು.

"ದೆವ್ವಕ್ಕೆ ಹೆಸರಿಟ್ಬಿಟ್ಟ. ಮಾರ್ಥಾ ಅಂತೆ, ಇಂಥ ಊರಂತೆ, ಇಂಥೋನ ಹೆಂಡ್ತಿಯಂತೆ. ಹೆಸರು ಗೊತ್ತಾದ್ಮೇಲೆ ಅದೇನ್ ದೆವ್ವಾನಾ? ಪಕ್ಕದ್ಮನೆ ಹೆಂಗ್ಸು. ಯಾವನ್ ಹೆದರ್ತಾನೆ? ಇನ್ನೊಂದು ಹೇಳ್ತೀನಿ ಕೇಳಿ. ಹೆಂಗಸಿನ ಗಂಟಲಲ್ಲಿ ಕಿರುಚೋಕೆ ಅವ್ನಿಗೆ ಬರುತ್ತೆ, ಅಳೋಕೆ ಬರಲ್ಲ. ನಿಜವಾದ ಅಳು ಅವ್ನ ಕೈಗೆ ಸಿಕ್ಕಿಲ್ಲ."

ಗುರುವಪ್ಪ ಕ್ಯಾಸೆಟ್ಟಿಗೆ ಚೀಟಿ ಅಂಟಿಸುತ್ತಾ, "ನೀನೇ ಹೋಗಿ ಕಲಿಸ್ಕೊಟ್ಟು ಬಾರಪ್ಪ" ಅಂತ ನಗುತ್ತಿದ್ದ. ಚನ್ನರಾಯಪ್ಪನಿಗೆ ನಗು ಬರುತ್ತಿರಲಿಲ್ಲ. ಇಂಥ ವಿಷಯದಲ್ಲಿ ಅವನು ತಮಾಷೆ ಸಹಿಸುವವನಲ್ಲ.

ಮಾರನೇ ವರ್ಷ ಬೇಸಿಗೆಯಲ್ಲಿ ಒಂದು ಶನಿವಾರ ಅವನು ಟೇಪ್ ರೆಕಾರ್ಡರನ್ನು ಬ್ಯಾಗಿನಲ್ಲಿಟ್ಟುಕೊಂಡು ಊರಿಗೆ ಹೋದ. ಊರು ಶ್ರೀನಿವಾಸಪುರದಿಂದಾಚೆ. ಅಲ್ಲಿದ್ದವಳು ಸೋದರತ್ತೆ ಬಚ್ಚಮ್ಮ. ತಾಯಿ ಇಲ್ಲದ ಇವನನ್ನು ಸಾಕಿ, ಓದಿಸಿ, ಕೆಲಸಕ್ಕೆ ಹಚ್ಚಿದವರು ಆಕೆ ಮತ್ತು ಆಕೆಯ ಗಂಡ ಅಪ್ಪಾಜಪ್ಪ. ಅವರಿಗೆ ಮಕ್ಕಳಿರಲಿಲ್ಲ, ಹಿಪ್ಪುನೇರಳೆ ತೋಟ, ಮನೆ ತುಂಬಾ ರೇಷ್ಮೆ ಹುಳ, ಇವನು, ಅಷ್ಟೇ ಅವರ ಸಂಸಾರ. ಬಸ್ಸಿಳಿದು ಬೀದಿ ತಿರುಗುವಷ್ಟರಲ್ಲಿ ಅಳು ಕೇಳಿತು. ಬೆಳಿಗ್ಗೆ ಸೊಪ್ಪು ಕೊಯ್ಯುವಾಗ ಎದೆ ಹಿಡಿದುಕೊಂಡು ಕೂತ ಅಪ್ಪಾಜಪ್ಪ ಮತ್ತೆ ಏಳಲಿಲ್ಲವಂತೆ. ಹೆಣವನ್ನು ಅಂಗಳದಲ್ಲಿ ಮಲಗಿಸಿದ್ದರು.

ಬಚ್ಚಮ್ಮ ತಲೆ ಕೆದರಿಕೊಂಡು, ಎದೆ ಬಡಿದುಕೊಂಡು, ಹಾಡಿಕೊಂಡು ಅಳುತ್ತಿದ್ದಳು. ಆ ಸೀಮೆಯ ಹೆಂಗಸರು ಅಳುವುದೇ ಹಾಗೆ, ಅರ್ಧ ತೆಲುಗು, ಅರ್ಧ ಕನ್ನಡ, ಸತ್ತವನ ಜೊತೆ ಜಗಳ ಕಾಯುತ್ತಾ, ಅವನ ಗುಣ ಹೇಳಿಕೊಳ್ಳುತ್ತಾ. "ಎದ್ದು ಬಾರಯ್ಯೋ, ಹುಳ ಹಸ್ಕೊಂಡವೆ ಎದ್ದು ಬಾರಯ್ಯೋ. ಒಂದು ಮಾತು ಹೇಳ್ದೇ ಹೋದ್ಯಲ್ಲಯ್ಯೋ, ನಾಕು ದಿಕ್ಕೆವರಯ್ಯೋ, ನಂಗ್ಯಾರಯ್ಯೋ ದಿಕ್ಕು" ಎಂದು ಏರುತ್ತಿದ್ದ ಗಂಟಲು ಒಂದು ಕಡೆ ಒಡೆದು, ಮತ್ತೆಲ್ಲೋ ಬೇರೆ ಜಾಗದಿಂದ ಎದ್ದು ಬರುತ್ತಿತ್ತು.

ಚನ್ನರಾಯಪ್ಪನ ಮೈ ಜುಮ್ಮೆಂದಿತು. ಮಾವನ ಮುಖ ನೋಡಿಯಲ್ಲ, ಅಯ್ಯೋ ಅಷ್ಟು ಒಳ್ಳೆಯವನಾಗಿದ್ದರೆ ಈ ಕಥೆ ಯಾಕೆ ಬೇಕಿತ್ತು? ಇದೇ ಅದು, ಅಂದುಕೊಂಡ ಅವನು. ಮೋರ್ನ್ ಕೈಗೆ ಸಿಗದಿದ್ದ ಅಳು ಇದೇ. ಹಾಗೆ ಅಂದುಕೊಂಡಿದ್ದಕ್ಕೆ ಆ ಕ್ಷಣವೇ ಅವನಿಗೆ ನಾಚಿಕೆಯಾಯಿತು. ಆದರೂ ಗೋಡೆ ಪಕ್ಕ ಕುಕ್ಕರುಗಾಲಲ್ಲಿ ಕೂತು, ಬ್ಯಾಗಿನೊಳಗೆ ಕೈ ಹಾಕಿ, ಗುಂಡಿ ಒತ್ತಿದ. ಆಮೇಲೆ ಅವನ ಕಣ್ಣು ಬ್ಯಾಗಿನಿಂದಾಚೆ ಹೋಗಲಿಲ್ಲ. ಟೇಪು ಸುತ್ತುತ್ತಿದೆಯೋ ಇಲ್ಲವೋ, ಬ್ಯಾಟರಿ ನಿಲ್ಲುತ್ತದೋ ಇಲ್ಲವೋ, ಇದೇ ಯೋಚನೆ. ಮಣ್ಣಿಗೆ ಎತ್ತುವವರೆಗೂ ಹಾಗೇ ಕೂತಿದ್ದ.

ಕೋಲಾರಕ್ಕೆ ವಾಪಸು ಬಂದ ಮೇಲೆ ಕ್ಯಾಸೆಟ್ ಹಾಕಿ ಕೇಳಿದ. ನಡುವೆ ಒಂದು ಕಡೆ ಅತ್ತೆ "ಅಪ್ಪಾಜಪ್ಪಾ" ಎಂದು ಗಂಡನ ಹೆಸರು ಹಿಡಿದು ಕೂಗಿದ್ದಳು. ಅಲ್ಲಿಗೆ ಬಂದಾಗ ಅವನಿಗೆ ಇರಿಸುಮುರಿಸಾಯಿತು. ಭಯವೆಲ್ಲ ಇಳಿದುಹೋಗಿ, ಅಂಗಳ, ಚಟ್ಟ, ಮಾವನ ಬರಿಗಾಲು ಕಣ್ಣಮುಂದೆ ಬಂದವು. ಅವನ ಅಭಿಪ್ರಾಯ ಸರಿಯಾಗಿಯೇ ಇತ್ತು ನೋಡಿ, ಹೆಸರು ಬಂದರೆ ಕೆಟ್ಟಿತು. ಗುರುವಪ್ಪನ ಅಂಗಡಿಯ ಎರಡು ಡೆಕ್ಕಿನ ಯಂತ್ರದಲ್ಲಿ ಆ ಕೂಗನ್ನು ಬಿಟ್ಟು, ಹುಳದ ಮಾತು ಬಿಟ್ಟು, ಮಾತಿರುವ ಕಡೆಯೆಲ್ಲ ಬಿಟ್ಟು, ಬರೀ ಅಳುವಷ್ಟನ್ನೇ ಇನ್ನೊಂದು ಕ್ಯಾಸೆಟ್ಟಿಗೆ ಇಳಿಸಿದ. ಹಿಂದೆ ಮುಂದೆ ಮೋರ್ನ್‌ನ ಗುಡುಗು, ಗಂಟೆ ಸೇರಿಸಿದ. ಅಷ್ಟರಲ್ಲಿ ಮೋರ್ನ್‌ನ ನಾಲ್ಕನೇ ಕಥೆ ಬೆಂಗಳೂರಿಂದ ಕೈಗೆ ಸಿಕ್ಕಿತು. ಬೇರೆ ಕ್ಯಾಸೆಟ್ ಇರಲಿಲ್ಲ. ಊರಲ್ಲಿ ಅಳು ಹಿಡಿದಿದ್ದ ಮೊದಲ ಕ್ಯಾಸೆಟ್ಟಿನ ಮೇಲೆಯೇ ಅದನ್ನು ತುಂಬಿಸಿಕೊಂಡ.

ಭಾನುವಾರ ಹುಡುಗರಿಗೆ ಕೇಳಿಸಿದಾಗ ಅವರು ತಣ್ಣಗಾಗಿ ಹೋದರು.

"ಯಾರಣ್ಣಾ ಇದು?"

"ಯಾರೂ ಅಲ್ಲ" ಅಂದ ಚನ್ನರಾಯಪ್ಪ. "ಅದೇ ಕಣೋ ಮಜಾ. ಯಾರೂ ಅಲ್ಲ."

ಗುರುವಪ್ಪ ಮಾತ್ರ ಅವತ್ತು ನಗಲಿಲ್ಲ. "ಎಲ್ಲಿ ಸಿಕ್ತೋ ನಿಂಗಿದು? ಇದು ಹಾಡೋರ ಅಳು ಅಲ್ಲ" ಅಂದ. ಹಾಗೆ ಅಂದವನೇ, ಹುಡುಗರು ಕೇಳಿದ್ದಕ್ಕೆ ಒಂದೊಂದು ಕಾಪಿ ಮಾಡಿಯೂ ಕೊಟ್ಟ. ವ್ಯಾಪಾರ ವ್ಯಾಪಾರವೇ. ಚನ್ನರಾಯಪ್ಪನಿಗೆ ಬೇಡವೆನ್ನಬೇಕು ಅನ್ನಿಸಿತು, ಅನ್ನಲಿಲ್ಲ. ಹೊಗಳಿಕೆ ಯಾರಿಗೆ ಬೇಡ?

ಮಾವಿನ ಕಾಯಿ ಇಳಿಸುವ ಕಾಲ ಬಂತು. ಅಷ್ಟು ದಿನ ಅತ್ತೆಯ ಮುಖ ನೋಡಲಾರದೆ ಏನೇನೋ ನೆಪ ಹೇಳಿ ತಪ್ಪಿಸಿಕೊಂಡಿದ್ದವನು, ಕಡೆಗೆ ಶ್ರೀನಿವಾಸಪುರದ ಪ್ರೈವೇಟ್ ಬಸ್ಸು ಹತ್ತಿದ. ಬಸ್ಸಿನ ತುಂಬಾ ಮಂಡಿಗೆ ಹೋಗುವವರು. ಡ್ರೈವರ್ ಮುನಿರಾಮಪ್ಪ ಸಿನಿಮಾ ಹಾಡು ಹಾಕಿದ್ದ. ಅದು ಮುಗಿಯುತ್ತಲೂ, "ಈಗ ನೋಡ್ರಪ್ಪ, ಎಲ್ರೂ ಗಟ್ಟಿಯಾಗಿ ಹಿಡ್ಕೊಳ್ಳಿ" ಅಂತ ಇನ್ನೊಂದು ಕ್ಯಾಸೆಟ್ ತುರುಕಿದ. ಗುಡುಗಿತು. ಗಂಟೆ ಬಡಿಯಿತು. ಆಮೇಲೆ ಬಚ್ಚಮ್ಮ ಅಳತೊಡಗಿದಳು.

ಹಿಂದಿನ ಸೀಟಿನವರು ಹೋ ಅಂದರು. ಯಾರೋ ಸಿಳ್ಳೆ ಹಾಕಿದ. ಇನ್ನೊಬ್ಬ ಅತ್ತೆಯ ರಾಗವನ್ನೇ ಅಣಕಿಸಿ ಊಳಿಟ್ಟ, ಬಸ್ಸಿಗೆ ಬಸ್ಸೇ ಬಿದ್ದು ಬಿದ್ದು ನಕ್ಕಿತು. ಅಷ್ಟರಲ್ಲಿ ಮುಂದಿನ ಸೀಟಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. ಅತ್ತೆಯ ಪಕ್ಕದ ಮನೆಯ ಎಲ್ಲಮ್ಮ.

"ನಿಲ್ಸೋ ಅದ್ನ! ಲೇ, ನಿಲ್ಸೋ! ನಮ್ಮ ಬಚ್ಚಮ್ಮನ ಗಂಟಲು ಕಣ್ರೋ ಅದು! ಗಂಡ ಸತ್ತ ದಿನ ಅತ್ತಿದ್ದು! ಪಕ್ಕದಲ್ಲಿ ಕೂತು ಹಿಡ್ಕೊಂಡಿದ್ದೋಳು ನಾನು, ನಂಗೊತ್ತಿಲ್ವಾ? ಯಾವ ಮನೆಹಾಳ ಹಿಡ್ದ ಇದ್ನ ಟೇಪಿಗೆ?"

ಮುನಿರಾಮಪ್ಪ ಟೇಪು ಆರಿಸಿ, "ನಂಗೇನ್ ಗೊತ್ತು ತಾಯಿ, ಕೋಲಾರದಲ್ಲಿ ಗುರುವಪ್ಪನ ಅಂಗ್ಡೀಲಿ ಕೊಟ್ರು" ಅಂದ. ಮನೆಹಾಳ ಸೀಟಿನ ಕೆಳಗೆ ಚಪ್ಪಲಿ ಹುಡುಕುವವನ ಹಾಗೆ ಬಗ್ಗಿ, ತಲೆ ಎತ್ತಲೇ ಇಲ್ಲ. ಮುಂದಿನ ಸ್ಟಾಪಿನಲ್ಲಿ ಹಿಂದಿನ ಬಾಗಿಲಿಂದ ಇಳಿದು, ಬಿಸಿಲಲ್ಲಿ ನಡೆದು, ಸಿಕ್ಕಿದ ಬಸ್ಸಿಗೆ ಕೋಲಾರ ಸೇರಿದ. ಅವತ್ತು ಅವನಿಗೆ ಅನ್ನ ಸೇರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅಂತ ಜನ ಅನ್ನುತ್ತಾರಲ್ಲ, ಅದು ಬರೀ ಮಾತಿಗೆ ಅನ್ನುವುದಲ್ಲ ಅಂತ ಅವನಿಗೆ ಗೊತ್ತಾಯಿತು.

ಗುರುವಪ್ಪನ ಅಂಗಡಿಗೆ ಹೋಗಿ ಪೇಟೆ ಸುತ್ತಿ ಕಾಪಿಗಳನ್ನೆಲ್ಲ ವಾಪಸು ತರಿಸಬೇಕು ಅಂದುಕೊಂಡ. ಹುಡುಗರಲ್ಲಿ ಇಬ್ಬರು ಕೊಟ್ಟರು, ಮಿಕ್ಕವರು ತಮ್ಮ ನೆಂಟರಿಗೂ ಮಾಡಿಕೊಟ್ಟಿದ್ದರು. ಅದನ್ನು ಇನ್ನು ಯಾರು ಹಿಡಿಯುತ್ತಾರೆ? ಹೀಗಿರುವಾಗ ಮುನಿರಾಮಪ್ಪ ಒಂದು ದಿನ ಗುರುವಪ್ಪನ ಹತ್ತಿರ ವಿಚಾರಿಸಿಕೊಂಡು ಕಚೇರಿ ಬಾಗಿಲಿಗೇ ಬಂದ. ಮುಖ ಬಿಗಿದುಕೊಂಡಿದ್ದ.

"ನಿಮ್ಮತ್ತೆ ಹೇಳಿ ಕಳ್ಸವ್ರೆ. ಬರಬೇಕಂತೆ. ಟೇಪು ತರಬೇಕಂತೆ."

ಅಂದರೆ ಎಲ್ಲ ಗೊತ್ತಾಗಿದೆ. ಹೋಗದೆ ಇರುವ ಹಾಗಿಲ್ಲ. ದಾರಿಯುದ್ದಕ್ಕೂ ಚನ್ನರಾಯಪ್ಪ ಅತ್ತೆ ಏನೇನು ಬೈಯಬಹುದು ಅಂತ ತಾನೇ ಬೈದುಕೊಂಡು ಹೋದ. ಪೊರಕೆ ತಗೊಂಡರೆ ಒಳ್ಳೆಯದು, ಬೆನ್ನು ಕೊಡುತ್ತೇನೆ ಅಂದುಕೊಂಡ. ಕ್ಷಮಿಸು ಅನ್ನಬೇಕು, ಕಾಲು ಹಿಡಿಯಬೇಕು.

ಬಚ್ಚಮ್ಮ ಒಳಕೋಣೆಯಲ್ಲಿ ಹುಳಕ್ಕೆ ಸೊಪ್ಪು ಹಾಕುತ್ತಿದ್ದಳು. ಬೋಳು ಹಣೆ. ಸೊರಗಿದ್ದಳು. ಇವನನ್ನು ನೋಡಿ, "ಬಂದ್ಯಾ ನಾಯನಾ, ಕೂತ್ಕೋ" ಅಂದಳು. ಬೈಯಲಿಲ್ಲ. ಅವನು ಕಾಲಿಗೆ ಬೀಳಲು ಬಗ್ಗಿದರೆ, "ಹುಳದ ಮನೇಲಿ ಹೊರಳಾಡ್ಬೇಡ ಕಣೋ" ಅಂತ ತಡೆದಳು.

"ಎಲ್ಲಮ್ಮ ಬಂದು ಕೂಗಾಡಿದ್ಲು. ಬಸ್ಸಲ್ಲಿ ಎಲ್ಲ ನಕ್ಕರಂತೆ. ನಗಲಿ ಬಿಡು, ನಕ್ಕೋರ ಮನೇಲೂ ಸಾಯ್ತಾರೆ. ನಿನ್ನ ಕರೆಸಿದ್ದು ಅದಕ್ಕಲ್ಲ." ಸೊಪ್ಪಿನ ಬುಟ್ಟಿ ಕೆಳಗಿಟ್ಟು ಹತ್ತಿರ ಬಂದಳು. ದನಿ ತಗ್ಗಿಸಿದಳು. "ಅವತ್ತು ನಾನು ನಿಮ್ಮ ಮಾವನ ಹೆಸರು ಹಿಡ್ದು ಕರೆದೆನಂತೆ. ಹೆಂಗಸರೆಲ್ಲ ಆಡ್ಕೋತಾರೆ, ಗಂಡನ ಹೆಸರು ಹೇಳ್ಬಿಟ್ಲು ಅಂತ. ನಂಗೊಂದೂ ಗ್ಯಾನ ಇಲ್ಲ. ಮದುವೆಯಾದಾಗಿಂದ ಒಂದಿನಾನೂ ಆ ಹೆಸರು ನನ್ನ ಬಾಯಲ್ಲಿ ಬಂದಿಲ್ಲ. ಅವರೇ ಒಂದ್ಸಲ ಕೇಳಿದ್ರು, ಯಾರೂ ಇಲ್ಲ ಕರಿಯೇ, ನೋಡೋಣ ಅಂತ. ನಾಚ್ಕೊಂಡು ಆಚೆ ಹೋಗ್ಬಿಟ್ಟೆ." ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನಿಜವಾಗ್ಲೂ ಕರೆದ್ನಾ? ಹೆಂಗೆ ಕರೆದೆ? ಕೇಳ್ಬೇಕು ನಂಗೆ. ಹಾಕು ನಾಯನಾ."

ಚನ್ನರಾಯಪ್ಪ ಬ್ಯಾಗಿನಿಂದ ಟೇಪ್ ರೆಕಾರ್ಡರನ್ನು ಹೊರಗೆ ತೆಗೆದ. ಈಗಲೂ ಹೇಳಿಬಿಡಬಹುದಿತ್ತು. ಹೇಳಲಾರದೆ ಕ್ಯಾಸೆಟ್ ಹಾಕಿದ. ಗುಡುಗು ಬಂತು, ಗಂಟೆ ಬಂತು. "ಇದೇನು?" ಅಂದಳು ಬಚ್ಚಮ್ಮ. ಆಮೇಲೆ ಅವಳ ಅಳು ಬಂತು. ಆಕೆ ನೆಲದ ಮೇಲೆ ಕೂತು, ತಲೆ ಒಂದು ಕಡೆ ವಾಲಿಸಿ, ಕಣ್ಣು ಮುಚ್ಚಿ ಕೇಳಿದಳು. ಪ್ರತಿ ಸಲ ದನಿ ಏರಿದಾಗಲೂ ಅವಳ ತುಟಿ ಸ್ವಲ್ಪ ತೆರೆದು, ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಮತ್ತೆ ಗಂಟೆ ಬಡಿದು ಟೇಪು ಮುಗಿಯಿತು.

"ಎಲ್ಲಿ?" ಅಂದಳು.

"ಅದು... ಆ ಜಾಗ ನಾನು ತೆಗೆದ್ಬಿಟ್ಟೆ ಅತ್ತೆ."

"ತೆಗೆದ್ರೆ ಎಲ್ಲಿಟ್ಟಿದ್ದೀಯ?"

"ಇಲ್ಲ. ಅದ್ರ ಮೇಲೆ ಬೇರೆ ಹಾಡು ತುಂಬಿಸ್ಬಿಟ್ಟೆ. ಹೋಯ್ತು."

"ಯಾಕೋ ತೆಗೆದೆ?"

ಏನು ಹೇಳುವುದು? ಎಷ್ಟೋ ಭಾನುವಾರ ನಾಲಿಗೆ ತುದಿಯಲ್ಲಿದ್ದದ್ದು ಒಂದೇ ಮಾತು. ಇವತ್ತೂ ಅದೊಂದೇ ಇದ್ದ ಉತ್ತರ. "ಹೆಸರಿದ್ರೆ... ಕೇಳೋರಿಗೆ ಭಯ ಆಗಲ್ಲ ಅತ್ತೆ" ಅಂದ.

ಬಚ್ಚಮ್ಮನಿಗೆ ಅರ್ಥವಾಗಲಿಲ್ಲ. "ಭಯ ಯಾಕಾಗ್ಬೇಕು?" ಅಂದಳು. ನಿಜಕ್ಕೂ ತಿಳಿಯದೆ ಕೇಳಿದಳು, ಕುಟುಕಲು ಅಲ್ಲ. ಅವನ ಹತ್ತಿರ ಅದಕ್ಕೆ ಅಭಿಪ್ರಾಯವಿರಲಿಲ್ಲ.

ಆಕೆಯೇ ಅಂದಳು: "ಹೋಗ್ಲಿ. ನೀನು ಅಲ್ಲೇ ಇದ್ಯಲ್ಲ, ಕೇಳಿದ್ದೀಯಲ್ಲ. ಟೇಪು ಯಾಕೆ? ಹೆಂಗೆ ಕರೆದೆ ಅಂತ ನೀನೇ ಒಂದ್ಸಲ ಕರೆದು ತೋರ್ಸು."

ಮೋರ್ನ್‌ನ ಗಿರಣಿಯ ಮುದುಕಿಯನ್ನು ಉಸಿರು ಉಸಿರಿಗೂ ಅನುಕರಿಸಬಲ್ಲವನು ಬಾಯಿ ತೆರೆದ. "ಅಪ್ಪಾಜಪ್ಪಾ" ಅಂದ. ಕಚೇರಿಯಲ್ಲಿ ಹಾಜರಿ ಕರೆದ ಹಾಗೆ ಬಂತು. ಇನ್ನೊಮ್ಮೆ ಅಂದ. ಬರಲಿಲ್ಲ. ನೆನಪಿಗೆ ಬರುತ್ತಿದ್ದದ್ದು ಬ್ಯಾಗಿನೊಳಗೆ ಸುತ್ತುತ್ತಿದ್ದ ಟೇಪು, ಆಮೇಲೆ ಅಂಗಡಿಯಲ್ಲಿ ಆ ಜಾಗ ಬಂದಾಗ ತಾನು ಬೆರಳಿಂದ ಒತ್ತಿದ ಗುಂಡಿ. ಕೂಗು ನೆನಪಿಗೆ ಬರಲೇ ಇಲ್ಲ.

"ಬಿಡು ನಾಯನಾ" ಅಂದಳು ಬಚ್ಚಮ್ಮ, ಅವನ ಬೆನ್ನು ಸವರಿ. "ಮಾವ ಹೋದ ಸಂಕಟದಲ್ಲಿ ನೀನೂ ಅಳ್ತಾ ಕೂತಿರ್ತೀಯ. ನಿಂಗೆ ತಾನೇ ಎಲ್ಲಿ ಕೇಳ್ಸಿರುತ್ತೆ?"

ಹೌದು ಅಂದುಬಿಟ್ಟರೆ ಮುಗಿದುಹೋಗುತ್ತಿತ್ತು. ಬೆನ್ನ ಮೇಲಿನ ಕೈ ಹಾಗೇ ಇರುತ್ತಿತ್ತು.

"ನಾನು ಅಳ್ಲಿಲ್ಲ ಅತ್ತೆ" ಅಂದ ಚನ್ನರಾಯಪ್ಪ.

ಕೈ ನಿಂತಿತು. ಬಚ್ಚಮ್ಮ ಎದ್ದು ಬುಟ್ಟಿ ತಗೊಂಡು ಮೂಲೆಯ ತಟ್ಟೆಯ ಹತ್ತಿರ ಹೋದಳು. ಅವನಿಗೆ ಬೆನ್ನು ಮಾಡಿ ಸೊಪ್ಪು ಹರವುತ್ತಾ, ಬಾಯಲ್ಲೇ, ಮೆಲ್ಲಗೆ, ಗಂಡನ ಹೆಸರಿನ ಮೊದಲಕ್ಷರ ಒಂದೆರಡು ಸಲ ಹೊರಡಿಸಲು ನೋಡಿದಳು. ಮುಂದಕ್ಕೆ ಬರಲಿಲ್ಲ.